ಫೇರ್‌ಬ್ಯಾಂಕ್ಸ್‌ಗೆ ಹೊರಟ ತಂಗಿಗೆ

ಅಲಾಸ್ಕಾ ಫೇರ್‌ಬ್ಯಾಂಕ್ಸ್ ವಿಶ್ವವಿದ್ಯಾಲಯದಲ್ಲಿ ಎಂ.ಎಸ್. ಸೀಟು ಸಿಕ್ಕಿದೆ, ಆ ಚಳಿಯಲ್ಲಿ ಬದುಕಲು ಆಗುತ್ತದೆಯೇ ಅಕ್ಕ, ಊಟಕ್ಕೇನು, ಹಾಸ್ಟೆಲೋ ಹೊರಗೆ ಮನೆಯೋ, ತುಂಬಾ ಒಂಟಿ ಅನ್ನಿಸುತ್ತದೆಯೇ ಎಂದು ಕೇಳಿದ್ದೀಯ. ಅಕ್ಕ ಎಂದು ಕರೆದ ಮೇಲೆ ನೀನು ಎಂದೇ ಬರೆಯುತ್ತೇನೆ.

ಬದುಕಲು ಆಗುತ್ತದೆ. 2004ರ ಜನವರಿಯಲ್ಲಿ ನಾನು ಇಲ್ಲಿ ಇಳಿದ ರಾತ್ರಿ ಮೈನಸ್ 38 ಇತ್ತು. ಮೊದಲ ಉಸಿರಿಗೇ ಮೂಗಿನೊಳಗಿನ ಕೂದಲು ಮಂಜುಗಟ್ಟಿತು. ನಿಂತ ಕಾರುಗಳ ಮೂತಿಯಿಂದೆಲ್ಲ ವೈರು ಜೋತಾಡುತ್ತಿದ್ದವು. ಇಲ್ಲಿ ಎಲ್ಲರದೂ ಕರೆಂಟಿನ ಕಾರು ಎಂದು ಅಪ್ಪನಿಗೆ ಫೋನಿನಲ್ಲಿ ಹೇಳಿಯೂಬಿಟ್ಟೆ. ಅವು ಎಂಜಿನ್ ಬೆಚ್ಚಗಿಡುವ ಹೀಟರಿನ ವೈರುಗಳು ಎಂದು ತಿಳಿದದ್ದು ಮರುದಿನ. ಮೈನಸ್ 40ರಲ್ಲಿ ಸೆಲ್ಸಿಯಸ್ಸೂ ಫ್ಯಾರನ್‌ಹೀಟೂ ಒಂದೇ ಅಂಕಿಗೆ ಬಂದು ನಿಲ್ಲುತ್ತವೆ. ಆ ದಿನ ಹುಡುಗರು ಕ್ಯಾಂಪಸ್ಸಿನ ತಾಪಮಾನ ಫಲಕದ ಮುಂದೆ ಈಜುಡುಗೆಯಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ನೀನು ನೋಡುವವರ ಸಾಲಿನಲ್ಲಿರು. ನನ್ನನ್ನು ಹಣ್ಣುಮಾಡಿದ್ದು ಚಳಿಯಲ್ಲ, ಕತ್ತಲೆ: ಡಿಸೆಂಬರ್ 21ರ ಹೊತ್ತಿಗೆ ಹಗಲು ನಾಲ್ಕು ಗಂಟೆಯೂ ಇರುವುದಿಲ್ಲ.

ಮೊದಲ ವರ್ಷ ಹಾಸ್ಟೆಲಿನಲ್ಲೇ ಇರು. ಬಾಡಿಗೆ ಕಡಿಮೆಯೆಂದು ‘ಡ್ರೈ ಕ್ಯಾಬಿನ್’ ಹಿಡಿಯಬೇಡ. ಅಲ್ಲಿ ನಲ್ಲಿ ಇಲ್ಲ. ನೀರನ್ನು ಕ್ಯಾನಿನಲ್ಲಿ ಹೊತ್ತು ತರಬೇಕು, ಶೌಚಕ್ಕೆ ಹಿಮದಲ್ಲಿ ನಡೆಯಬೇಕು. ಅಕ್ಕಿ, ಬೇಳೆ ಸಿಗುತ್ತವೆ. ಓದಿನ ಬಗ್ಗೆ ನೀನು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. 1922ರಲ್ಲಿ ಆರೇ ವಿದ್ಯಾರ್ಥಿಗಳಿಂದ ಆರಂಭವಾದ ಕಾಲೇಜು ಇದು. ಈಗ ಊರಿನಿಂದ ಸುಮಾರು 50 ಕಿಲೋಮೀಟರ್ ಆಚೆ, ಪೋಕರ್ ಫ್ಲ್ಯಾಟ್‌ನಲ್ಲಿ, ಇಲ್ಲಿನ ರಾತ್ರಿಯಾಕಾಶದಲ್ಲಿ ಬಣ್ಣಬಣ್ಣವಾಗಿ ಬೆಳಗುವ ಧ್ರುವಪ್ರಭೆಯೊಳಕ್ಕೆ ರಾಕೆಟ್ ಹಾರಿಸುವ ಕೇಂದ್ರ ಇದರದೇ. ನಿನ್ನ ವಿಷಯಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಹುಡುಕಬೇಡ.

ಇನ್ನು ಒಂಟಿತನ. ನನ್ನ ಕೊಠಡಿಯಲ್ಲಿದ್ದವಳು ಯುಕಾನ್ ನದಿದಂಡೆಯ ಹಳ್ಳಿಯ ಹುಡುಗಿ. ಅವಳ ಊರಿಗೆ ರಸ್ತೆ ಇಲ್ಲ. ಬೇಸಿಗೆಯಲ್ಲಿ ದೋಣಿ, ಚಳಿಗಾಲದಲ್ಲಿ ಸ್ನೋಮೊಬೈಲ್, ಹವೆ ಒಪ್ಪಿದರೆ ಸಣ್ಣ ವಿಮಾನ. ಇಂಥ ಹಳ್ಳಿಗಳ ಮಕ್ಕಳಿಗೂ ಸೇರಿದ ವಿಶ್ವವಿದ್ಯಾಲಯ ಇದು, ಬೆತೆಲ್, ನೋಮ್, ಕಾಟ್ಸಬ್ಯೂಗಳಲ್ಲೂ ಇದರ ಕ್ಯಾಂಪಸ್ಸುಗಳಿವೆ ಎಂಬುದೆಲ್ಲ ಆಗ ನನ್ನ ತಲೆಗೆ ಹೋಗಿರಲಿಲ್ಲ. ದೂರದಿಂದ ಬಂದವಳು ನಾನೊಬ್ಬಳೇ ಎಂದುಕೊಂಡಿದ್ದೆ.

ಅವಳ ಅಮ್ಮ ಒಂದು ಡಬ್ಬಿ ಕಳುಹಿಸಿದ್ದರು. ಹೊಗೆಯಲ್ಲಿ ಒಣಗಿಸಿದ ಕಿಂಗ್ ಸಾಲ್ಮನ್ ಮೀನಿನ ಪಟ್ಟಿಗಳು. ಅವಳು ಮುಚ್ಚಳ ತೆಗೆದು ಮೊದಲು ನನ್ನತ್ತ ಚಾಚಿದಳು. ನಮ್ಮ ಮನೆಗಳ ಮಡಿ ಮೈಲಿಗೆ ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಬೇಡ ಎಂದಿದ್ದರೆ ಸಾಕಿತ್ತು. ನಾನು ಎದ್ದು ಹೋಗಿ ಕಿಟಕಿ ತೆರೆದೆ. ಹೊರಗೆ ಮೈನಸ್ 30. ಅವಳು ಏನೂ ಅನ್ನಲಿಲ್ಲ, ಕೋಟು ಹಾಕಿಕೊಂಡು ಕುಳಿತಳು. ಆ ಡಬ್ಬಿ ಮತ್ತೆ ನನ್ನ ಕಣ್ಣಿಗೆ ಬೀಳಲಿಲ್ಲ. ನನ್ನ ಇಂಗಿನ ಒಗ್ಗರಣೆಯ ವಾಸನೆ ವಾರವಿಡೀ ಅವಳ ಬಟ್ಟೆಯಲ್ಲಿರುತ್ತಿತ್ತು. ಅದರ ಬಗ್ಗೆ ಒಂದು ದಿನವೂ ದೂರಲಿಲ್ಲ.

ಒಮ್ಮೆ ರಾತ್ರಿ, “ನಿನ್ನ ಊರಿನ ನದಿಯ ಹೆಸರೇನು?” ಎಂದು ಕೇಳಿದಳು. ತುಂಗೆ ಎಂದೆ, ನಾಳೆ ಪರೀಕ್ಷೆ ಇದೆ ಎಂದೆ, ದೀಪ ಆರಿಸಿದೆ. ಮಾರ್ಚಿನಲ್ಲಿ ಪ್ರಯೋಗಾಲಯದಿಂದ ಬಂದಾಗ ಅವಳ ಹಾಸಿಗೆ ಖಾಲಿಯಿತ್ತು. ಓದು ಬಿಟ್ಟು ಊರಿಗೆ ಹೋದಳಂತೆ. ಕಾರಣ ಬೇರೆಯೇ ಇದ್ದಿರಬಹುದು. ಆ ಚಳಿಗಾಲದಲ್ಲಿ ಆ ಕೊಠಡಿಯಲ್ಲಿ ಮನೆಯನ್ನು ನೆನೆದು ಕೂತವರು ಇಬ್ಬರಿದ್ದರು, ಮಾತಾಡಿಕೊಳ್ಳಬಹುದಿತ್ತು.

ಅವಳ ಊರಿಗೆ ಹೋಗಿ ಆ ಮೀನನ್ನು ಒಮ್ಮೆಯಾದರೂ ಬಾಯಿಗಿಡಬೇಕು ಎಂದು ವರ್ಷಗಟ್ಟಲೆ ಅಂದುಕೊಂಡೆ. ಯುಕಾನ್‌ನಲ್ಲಿ ಕಿಂಗ್ ಸಾಲ್ಮನ್ ತೀರಾ ಕಡಿಮೆಯಾಗಿ, 2024ರಲ್ಲಿ ಅಲಾಸ್ಕಾ ಮತ್ತು ಕೆನಡಾ ಸೇರಿ ಏಳು ವರ್ಷ ಅದನ್ನು ಹಿಡಿಯುವಂತಿಲ್ಲ ಎಂದು ಒಪ್ಪಂದ ಮಾಡಿಕೊಂಡವು. ಈಗ ಅವಳ ಅಮ್ಮನ ಹೊಗೆಮನೆಯಲ್ಲೂ ಅದು ಇರಲಾರದು.

ಇಂಗು ತಾ, ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ. ಬೂಟು ಅಲ್ಲಿಂದ ಕೊಂಡು ತರಬೇಡ, ಅಲ್ಲಿನವು ಇಲ್ಲಿ ಎರಡು ದಿನವೂ ಬಾರವು. ನನ್ನ ಹಳೆಯ ಜೋಡಿ ಚೆನ್ನಾಗಿಯೇ ಇದೆ, ಕಾಲಿನ ಅಳತೆ ಬರೆದು ತಿಳಿಸು.