ದುಬೈನಲ್ಲಿ ತಮ್ಮನ ಪಾಸ್‌ಪೋರ್ಟ್ ಹೋದರೆ ವಿಜಯಪುರದಿಂದ ಏನು ಮಾಡಬಹುದು?

ಅಕ್ಕಾರೆ, ದುಬೈನಲ್ಲಿ ತಮ್ಮನಿಗೆ ಹೊಡೆದು ಪಾಸ್‌ಪೋರ್ಟ್ ಇದ್ದ ಬ್ಯಾಗ್ ಕಿತ್ಕೊಂಡಿದ್ದಾರೆ, ವಿಜಯಪುರದಲ್ಲೇ ದೂರು ಕೊಡಬಹುದಾ ಅಂತ ಕೇಳಿದ್ದೀರಿ. ಇಲ್ಲಿನ ಠಾಣೆಗೆ ಸುಮ್ನೆ ಅಲೆಯಬೇಡಿ. ದೂರು ಅಲ್ಲೇ ಆಗಬೇಕು. ದುಬೈ ಪೊಲೀಸರ ನಂಬರ್ 999. ಏಟು ಬಿದ್ದಿದ್ರೆ ಆಸ್ಪತ್ರೆ ಚೀಟಿ ಜೋಪಾನ.

ಪೊಲೀಸ್ ವರದಿ ಹಿಡಿದು ತಮ್ಮ ಅಲ್ಲಿನ ಭಾರತೀಯ ಕಾನ್ಸುಲೇಟ್‌ಗೆ, ಅಂದ್ರೆ ನಮ್ಮ ಸರ್ಕಾರದ ಕಚೇರಿಗೆ ಹೋಗಲಿ. ಊರಿಗೆ ಬಂದುಬಿಡ್ತೀನಿ ಅಂದ್ರೆ ಪಾಸ್‌ಪೋರ್ಟ್ ಬದಲಿಗೆ ಕೊಡುವ ಎಮರ್ಜೆನ್ಸಿ ಸರ್ಟಿಫಿಕೇಟ್ ಕೇಳಬಹುದು. ಆದರೆ ಅದು ಒಂದು ಸಲ ಭಾರತಕ್ಕೆ ಬರೋಕೆ ಮಾತ್ರ! ಕೆಲಸ ಬಿಡಲ್ಲ ಅಂದ್ರೆ ಹೊಸ ಪಾಸ್‌ಪೋರ್ಟೇ ಮಾಡಿಸಬೇಕು. ಕಾನ್ಸುಲೇಟ್‌ನವರು ಕಳ್ಳನನ್ನು ಹಿಡಿಯಲ್ಲ, ಅಷ್ಟು ಆಸೆ ಬೇಡ.

ನೀವು ಮನೆಯಿಂದಲೇ ವಿದೇಶಾಂಗ ಸಚಿವಾಲಯದ ‘ಮದದ್’ ಪೋರ್ಟಲ್‌ನಲ್ಲಿ ಅವನ ಪರವಾಗಿ ದೂರು ಹಾಕಬಹುದು. ಟ್ರಂಕಿನಲ್ಲಿ ಪಾಸ್‌ಪೋರ್ಟಿನ ಝೆರಾಕ್ಸ್ ಇದ್ದರೆ, ನಂಬರ್ ಕಾಣುವ ಹಾಗೆ ಫೋಟೋ ತೆಗೆದು ಈಗಲೇ ಅವನಿಗೆ ವಾಟ್ಸಾಪ್ ಮಾಡಿ.