ಕೆರೆಯ ಕೊಳೆ ಕೆರೆಯಲ್ಲೇ ಹುಟ್ಟಿದ್ದಲ್ಲ

ಓದುಗರ ಪತ್ರ: ಜಲಾನಯನ ಪ್ರದೇಶಕ್ಕೆ, ಅಂದರೆ ಕೆರೆಗೆ ನೀರು ಹರಿದು ಬರುವ ಇಡೀ ನೆಲಕ್ಕೆ, ಎಲ್ಲರೂ ಕೂಡಿ ಯೋಜನೆ ಮಾಡಬೇಕು ಎಂದು ಹೋದ ಸಂಚಿಕೆಯಲ್ಲಿ ಬರೆದಿದ್ದೀರಿ. ಕೆರೆ ಕೆಟ್ಟರೆ ಹೂಳೆತ್ತಿ, ಒಂದು ಶುದ್ಧೀಕರಣ ಘಟಕ ಕಟ್ಟಿದರೆ ಆಯಿತಲ್ಲ? ಹತ್ತಾರು ಊರಿನವರನ್ನು, ರೈತರನ್ನು, ನಾಲ್ಕಾರು ಇಲಾಖೆಯವರನ್ನು ಒಂದೇ ಕೋಣೆಯಲ್ಲಿ ಕೂರಿಸಿದರೆ ಮಾತು ಬೆಳೆಯುತ್ತದೆ, ನೀರು ಹಾಗೇ ಉಳಿಯುತ್ತದೆ. ಇದು ಕೆಲಸ ಮುಂದೂಡುವ ದಾರಿ ಅಲ್ವಾ? ಫಲ ಸಿಗುವುದಕ್ಕೆ ಎಷ್ಟು ವರ್ಷ ಬೇಕು?

ಸಂಪಾದಕರ ಉತ್ತರ:

ನಿಮ್ಮ ಅನುಮಾನದಲ್ಲಿ ಹುರುಳಿದೆ. ಸಭೆ ನಡೆಸಿ, ವರದಿ ಬರೆದು, ಕಪಾಟಿನಲ್ಲಿಟ್ಟು ಮರೆತ ಜಂಟಿ ಯೋಜನೆಗಳು ಬೇಕಾದಷ್ಟಿವೆ. ಆದರೂ ಹೂಳೆತ್ತಿ ಘಟಕ ಕಟ್ಟಿದರೆ ಸಾಕು ಎನ್ನುವುದನ್ನು ನಾನು ಒಪ್ಪುವುದಿಲ್ಲ.

ಮೊದಲ ಜೋರು ಮಳೆಗೆ ಹಳ್ಳ ತುಂಬಿ ಬರುವಾಗ ಒಂದು ಗಾಜಿನ ಬಾಟಲಿಯಲ್ಲಿ ಆ ನೀರು ಹಿಡಿದು, ಒಂದು ರಾತ್ರಿ ಅಲುಗಾಡಿಸದೆ ಇಡಿ. ಬೆಳಿಗ್ಗೆ ನೋಡಿದರೆ ಮರಳು ತಳದಲ್ಲಿ ಕೂತಿರುತ್ತದೆ. ಮೇಲಿನ ನೀರು ಮಾತ್ರ ಇನ್ನೂ ಬಗ್ಗಡವಾಗಿಯೇ ಇರುತ್ತದೆ. ಆ ಬಗ್ಗಡ ಅಂದರೆ ನುಣ್ಣನೆಯ ಜೇಡಿಮಣ್ಣು. ಹೊಲಕ್ಕೆ ಹಾಕಿದ ಗೊಬ್ಬರದ ರಂಜಕ ಆ ಮಣ್ಣಿಗೆ ಅಂಟಿಕೊಂಡು ಕೆರೆಗೆ ಬರುತ್ತದೆ, ತಳದಲ್ಲಿ ಸೇರುತ್ತದೆ. ಬಿಸಿಲು ಏರಿ, ತಳದ ನೀರಿನಲ್ಲಿ ಆಮ್ಲಜನಕ ಕಡಿಮೆಯಾದಾಗ ಮಣ್ಣನ್ನು ಬಿಟ್ಟು ನೀರಿಗೆ ಇಳಿಯುತ್ತದೆ. ಪಾಚಿಗೆ ಬೇಕಾದದ್ದು ಅದೇ. ಹೂಳೆತ್ತಿದರೆ ಇಲ್ಲಿಯವರೆಗೆ ಸೇರಿದ್ದು ಹೋಗುತ್ತದೆ, ನಿಜ. ಮುಂದಿನ ಮಳೆಗೆ ಮೇಲಿನಿಂದ ಹೊಸದು ಬರುತ್ತದೆ. ಕೊಳಚೆ ನೀರಿನ ಘಟಕವಾದರೂ ಕೊಳವೆಯಲ್ಲಿ ಬಂದ ಹೊಲಸನ್ನಷ್ಟೇ ಹಿಡಿಯುತ್ತದೆ. ಹೊಲ, ರಸ್ತೆ, ಕೊಟ್ಟಿಗೆಗಳಿಂದ ಹರಿದು ಬರುವುದಕ್ಕೆ ಕೊಳವೆ ಎಲ್ಲಿದೆ?

ಈರಿ ಸರೋವರದ ಕಥೆ ಇದನ್ನೇ ಹೇಳುತ್ತದೆ. 1972ರಲ್ಲಿ ಅಮೆರಿಕ ಮತ್ತು ಕೆನಡಾ ಒಪ್ಪಂದ ಮಾಡಿಕೊಂಡು ನಗರಗಳ ಕೊಳಚೆಯಲ್ಲಿದ್ದ ರಂಜಕವನ್ನು ಕಡಿಮೆ ಮಾಡಿದವು. ಸರೋವರ ಚೇತರಿಸಿಕೊಂಡಿತು. ಆಮೇಲೆ ಹೊಲಗಳಿಂದ ನೀರಿನಲ್ಲಿ ಕರಗಿ ಬರುವ ರಂಜಕ ಜಾಸ್ತಿಯಾಯಿತು, ಪಾಚಿ ಮರಳಿತು. 2014ರ ಆಗಸ್ಟ್‌ನಲ್ಲಿ ಅದರ ದಡದ ಟೊಲೆಡೊ ನಗರದ 4 ಲಕ್ಷಕ್ಕೂ ಹೆಚ್ಚು ಜನರಿಗೆ ನಲ್ಲಿ ನೀರು ಕುಡಿಯಬೇಡಿ ಎಂದು ಸಾರಬೇಕಾಯಿತು. ಕುದಿಸಿಯೂ ಕುಡಿಯಬೇಡಿ ಎಂದರು, ಏಕೆಂದರೆ ಕುದಿಸಿದರೆ ಆ ಪಾಚಿಯ ವಿಷ ಹೋಗುವುದಿಲ್ಲ, ನೀರು ಆವಿಯಾಗಿ ವಿಷ ಇನ್ನೂ ಗಟ್ಟಿಯಾಗುತ್ತದೆ. ಶುದ್ಧೀಕರಣ ಘಟಕ ಇದ್ದ ನಗರ ಅದು.

ಹಾಗಾಗಿ ನೀರು ಹರಿದು ಬರುವ ಮೇಲಿನ ಊರು, ಹೊಲಗಳವರ ಜೊತೆ ಕೂತು ಮಾತಾಡದೆ ಬೇರೆ ದಾರಿಯಿಲ್ಲ. ನನ್ನ ತಕರಾರು ಏನಿದ್ದರೂ ಹೇಗೆ ಮಾತಾಡುತ್ತೇವೆ ಅನ್ನುವುದರ ಬಗ್ಗೆ. ಕೆಳಗಿನವರು ಬರಿಗೈಯಲ್ಲಿ ಹೋಗಿ "ನೀವು ಹೀಗೆ ಮಾಡಿ, ಹಾಗೆ ಮಾಡಬೇಡಿ" ಎಂದರೆ ಅದು ಅಪ್ಪಣೆಯಾಗುತ್ತದೆ. ಯಾರು ಕೇಳುತ್ತಾರೆ?

ನ್ಯೂಯಾರ್ಕ್ ನಗರ ಇದನ್ನು ಪಾಡುಪಟ್ಟು ಕಲಿತಿತು. ಆ ನಗರದ ನೀರಿನ ಬಹುಪಾಲು ದೂರದ ಕ್ಯಾಟ್‌ಸ್ಕಿಲ್ ಬೆಟ್ಟಗಳು ಮತ್ತು ಡೆಲವೇರ್ ನದಿಯ ಕಡೆಯಿಂದ ಬರುತ್ತದೆ. ಮೇಲ್ಮೈ ನೀರನ್ನು ಸೋಸಲೇಬೇಕು, ಇಲ್ಲವೇ ನೀರಿನ ಮೂಲವನ್ನೇ ಚೆನ್ನಾಗಿ ಕಾಯುತ್ತಿದ್ದೇವೆಂದು ತೋರಿಸಬೇಕು ಎಂದು 1989ರಲ್ಲಿ ಕೇಂದ್ರದ ನಿಯಮ ಬಂತು. ಸೋಸುವ ಘಟಕಕ್ಕೆ 600 ಕೋಟಿ ಡಾಲರ್‌ಗೂ ಹೆಚ್ಚು ಬೇಕೆಂದು ಲೆಕ್ಕ ಹಾಕಿದರು. ಮೂಲವನ್ನು ಕಾಯೋಣ ಎಂದುಕೊಂಡ ನಗರ ಮೊದಲು ಹೊರಟಿದ್ದು ಕಟ್ಟುನಿಟ್ಟಿನ ನಿಯಮಗಳ ಕರಡು ಹಿಡಿದುಕೊಂಡು. ಬೆಟ್ಟದ ಊರುಗಳು ಸಿಡಿದೆದ್ದವು. ಈ ನಗರದ ಜಲಾಶಯಗಳಿಗಾಗಿ ಹಿಂದೆ ಅಲ್ಲಿನ ಹಳ್ಳಿಗಳನ್ನೇ ಮುಳುಗಿಸಿದ್ದನ್ನು ಅಲ್ಲಿಯವರು ಮರೆತಿರಲಿಲ್ಲ.

ವರ್ಷಗಟ್ಟಲೆ ಮಾತುಕತೆ ನಡೆದು 1997ರಲ್ಲಿ ಒಪ್ಪಂದವಾಯಿತು. ಮಾರಲು ಒಪ್ಪಿದವರಿಂದ ಮಾತ್ರ ನಗರ ಭೂಮಿ ಕೊಳ್ಳಬೇಕು. ಊರುಗಳ ಕೊಳಚೆ ಘಟಕ, ಮನೆಗಳ ಸೆಪ್ಟಿಕ್ ಟ್ಯಾಂಕ್ ಸರಿಪಡಿಸುವುದಕ್ಕೆ ನಗರವೇ ದುಡ್ಡು ಕೊಡಬೇಕು. ರೈತರ ಜೊತೆಗಿನ ಕೆಲಸ ಇದಕ್ಕೂ ಮುಂಚೆಯೇ ಶುರುವಾಗಿತ್ತು. ನನಗೆ ತುಂಬಾ ಹಿಡಿಸಿದ್ದು ಅದೇ. ರೈತರೇ ಮುಂದೆ ನಿಂತ ಮಂಡಳಿಯೊಂದು ಒಂದೊಂದು ಹೊಲಮನೆಗೂ ಬೇರೆ ಬೇರೆ ಯೋಜನೆ ಮಾಡಿತು. ಹೊಟ್ಟೆ ಕೆಡಿಸುವ ಕ್ರಿಪ್ಟೊಸ್ಪೊರಿಡಿಯಂ ಎಂಬ ಸೂಕ್ಷ್ಮಜೀವಿ ಎಳೆಗರುಗಳ ಸಗಣಿಯಲ್ಲಿ ಜಾಸ್ತಿ ಇರುತ್ತದೆ, ಕ್ಲೋರಿನ್‌ಗೂ ಅದು ಸುಲಭಕ್ಕೆ ಜಗ್ಗುವುದಿಲ್ಲ. ಹಾಗಾಗಿ ಕರುಗಳನ್ನು ಎಲ್ಲಿ ಕಟ್ಟುತ್ತಾರೆ, ಅಲ್ಲಿಂದ ಮಳೆನೀರು ಯಾವ ಕಡೆ ಹರಿಯುತ್ತದೆ ಎಂದು ನೋಡಿದರು. ತೊರೆಯ ಅಂಚಿಗೆ ಬೇಲಿ ಬಂತು, ದನಗಳಿಗೆ ಕುಡಿಯುವ ನೀರಿನ ತೊಟ್ಟಿ ಬೇರೆ ಕಡೆ ಬಂತು. ಖರ್ಚು ನಗರದ್ದು. ಯಾವ ರೈತನಿಗೂ ಕಡ್ಡಾಯ ಇರಲಿಲ್ಲ. ಆದರೆ 5 ವರ್ಷದೊಳಗೆ ಶೇ 85ರಷ್ಟು ರೈತರು ಸೇರಬೇಕೆಂಬ ಗುರಿ ಇತ್ತು. ಹೀಗೆ ಗುರಿ ಎಲ್ಲರ ಮೇಲಿದ್ದಾಗ ಪಕ್ಕದ ಹೊಲದವನನ್ನು ರೈತನೇ ಹೋಗಿ ಒಪ್ಪಿಸುತ್ತಾನೆ. ಅಧಿಕಾರಿ ಹೋದರೆ ಅಷ್ಟು ಸಲೀಸಲ್ಲ. ಬೆಟ್ಟದ ಕಡೆಯ ಆ ನೀರು ಸೋಸುವ ಘಟಕವಿಲ್ಲದೆಯೇ ಇಂದಿಗೂ ನಗರಕ್ಕೆ ಹೋಗುತ್ತಿದೆ.

"ಕೆಡಿಸಿದವರು ಕೊಡಬೇಕು, ಕುಡಿಯುವವರು ಯಾಕೆ ಕೊಡಬೇಕು?" ಎಂದು ನೀವು ಕೇಳಬಹುದು. ಕಾರ್ಖಾನೆಯೊಂದು ಗೊತ್ತಿದ್ದೂ ವಿಷ ಬಿಟ್ಟರೆ ಕಾನೂನೇ ಸರಿ, ಅಲ್ಲಿ ಚೌಕಾಸಿ ಬೇಡ. ಸಣ್ಣ ಸಣ್ಣ ಹೊಲಗಳು ಸೇರಿ ಆದ ಕೆಡುಕಿಗೆ ಒಬ್ಬೊಬ್ಬರಿಂದ ದಂಡ ವಸೂಲಿ ಮಾಡುತ್ತೇನೆಂದು ಹೊರಟರೆ ಯಾವ ಕಾಲಕ್ಕೂ ಮುಗಿಯುವುದಿಲ್ಲ. ರೈನ್ ನದಿಯಲ್ಲಂತೂ ದೊಡ್ಡ ಗಣಿಗಳ ವಿಷಯದಲ್ಲೇ ಖರ್ಚು ಹಂಚಿಕೊಂಡರು. ಫ್ರಾನ್ಸಿನ ಅಲ್ಸಾಸ್‌ನ ಪೊಟ್ಯಾಶ್ ಗಣಿಗಳ ಉಪ್ಪು ನದಿಗೆ ಸೇರಿ ಕೆಳಗಿನ ನೆದರ್ಲೆಂಡ್ಸ್‌ನ ನೀರು ಕೆಡುತ್ತಿತ್ತು. 1976ರ ಒಪ್ಪಂದದಲ್ಲಿ ಖರ್ಚಿನ ಶೇ 34 ನೆದರ್ಲೆಂಡ್ಸ್, ಶೇ 30 ಜರ್ಮನಿ, ಶೇ 30 ಫ್ರಾನ್ಸ್, ಶೇ 6 ಸ್ವಿಟ್ಜರ್ಲೆಂಡ್ ಎಂದು ಬರೆದುಕೊಂಡರು. ಎಲ್ಲರಿಗಿಂತ ಹೆಚ್ಚು ಕೊಟ್ಟದ್ದು ತೊಂದರೆ ಅನುಭವಿಸುತ್ತಿದ್ದವರೇ. ಮನಸ್ಸಿಗೆ ಕಹಿಯಾದರೂ ದಾರಿ ತೆರೆದದ್ದು ಅದು. ಅಷ್ಟಾದರೂ ಒಪ್ಪಂದ ಜಾರಿಗೆ ಬಂದದ್ದು 1985ರಲ್ಲಿ. ನದಿಗೆ ಬಿಡುವ ಬದಲು ಉಪ್ಪನ್ನು ನೆಲದಾಳಕ್ಕೆ ತುಂಬುವುದನ್ನು ಅಲ್ಸಾಸ್‌ನ ಜನ ಬಲವಾಗಿ ವಿರೋಧಿಸಿದ್ದರು. ರಾಜಧಾನಿಗಳು ಒಪ್ಪಿದ ಮಾತ್ರಕ್ಕೆ ಅಲ್ಲಿ ಬದುಕುವವರು ಒಪ್ಪಿದಂತಲ್ಲ.

ಸಭೆ ಬರೀ ಮಾತಾಗುತ್ತದೆ ಎಂದಿರಲ್ಲ, ಆ ಭಯಕ್ಕೆ ಅಮೆರಿಕದ ಚೆಸಪೀಕ್ ಕೊಲ್ಲಿಯೇ ಸಾಕ್ಷಿ. 1987ರಲ್ಲಿ ಅದರ ಸುತ್ತಲಿನ ಸರ್ಕಾರಗಳು 2000ದ ಹೊತ್ತಿಗೆ ಸಾರಜನಕ ಮತ್ತು ರಂಜಕವನ್ನು ಶೇ 40ರಷ್ಟು ಇಳಿಸುತ್ತೇವೆ ಎಂದು ಮಾತು ಕೊಟ್ಟವು. ಆಗಲಿಲ್ಲ. ಕೊನೆಗೆ 2010ರಲ್ಲಿ ಯಾವ ರಾಜ್ಯದಿಂದ ಎಷ್ಟು ಬರಬಹುದು ಎಂಬ ಮಿತಿಯನ್ನು ಕೇಂದ್ರವೇ ನಿಗದಿ ಮಾಡಿತು, ಎರಡೆರಡು ವರ್ಷಕ್ಕೊಮ್ಮೆ ಲೆಕ್ಕ ಕೇಳುವ ಪದ್ಧತಿ ಬಂತು. ಆದ್ದರಿಂದ ಯಾವ ಜಂಟಿ ಯೋಜನೆ ಕೈಗೆ ಬಂದರೂ ಮೊದಲು ಹುಡುಕಬೇಕಾದದ್ದು ಇಷ್ಟು: ಯಾವ ಹಳ್ಳದ ಹೊಣೆ ಯಾರದು, ದುಡ್ಡು ಯಾರು ಕೊಡುತ್ತಾರೆ, ಯಾವ ತಾರೀಕಿಗೆ ಲೆಕ್ಕ ಒಪ್ಪಿಸುತ್ತಾರೆ. ಇವು ಇಲ್ಲದ ಯೋಜನೆಗೆ ಸಹಿ ಹಾಕಬೇಡಿ.

ಎಷ್ಟು ವರ್ಷ ಬೇಕು ಎಂದಿರಿ. ಮಣ್ಣು ಕೊಚ್ಚಿಹೋಗುವುದನ್ನು ತಡೆದರೆ ಸಣ್ಣ ತೊರೆಯಲ್ಲಿ ಬದಲಾವಣೆ ಬೇಗ ಕಾಣಬಹುದು. ಗೊಬ್ಬರದ ಸಾರಜನಕದಿಂದ ಆಗುವ ನೈಟ್ರೇಟ್ ಹಾಗಲ್ಲ. ಅದು ಅಂತರ್ಜಲದ ಜೊತೆ ನಿಧಾನಕ್ಕೆ ಸಾಗುತ್ತದೆ, ಇವತ್ತು ಗೊಬ್ಬರ ಕಡಿಮೆ ಮಾಡಿದರೂ ನದಿಯಲ್ಲಿ ಅದು ಇಳಿಯಲು ವರ್ಷಗಳು, ಕೆಲವು ಕಡೆ ದಶಕಗಳೇ ಹಿಡಿಯುತ್ತವೆ. ಕೆರೆಯ ನೀರನ್ನಷ್ಟೇ ಅಳೆಯುತ್ತಾ ಕೂತರೆ ಒಳ್ಳೆಯ ಕೆಲಸವೂ ಸೋತಂತೆ ಕಾಣುತ್ತದೆ, ಜನ ಬೇಸತ್ತು ಕೈಬಿಡುತ್ತಾರೆ. ಒಂದೊಂದು ಹಳ್ಳ ಕೆರೆಗೆ ಸೇರುವ ಬಾಯಿಯಲ್ಲೂ ಬೇರೆ ಬೇರೆಯಾಗಿ ಅಳೆಯಿರಿ, ಮಳೆ ಸುರಿಯುವ ದಿನ ತಪ್ಪಿಸದೆ ಅಳೆಯಿರಿ. ಅದನ್ನು ಕೆಲಸ ಶುರುವಾಗುವ ಮುಂಚಿನ ಮಳೆಗಾಲದಿಂದಲೇ ಆರಂಭಿಸಿ, ಹೋಲಿಸಿ ನೋಡುವುದಕ್ಕೆ ಆ ಅಂಕಿಗಳು ಬೇಕೇ ಬೇಕು.