16 ವರ್ಷದ ಮಗಳು ಎಕ್ಸ್‌ಚೇಂಜ್ ವಿದ್ಯಾರ್ಥಿನಿಯಾಗಿ ಜರ್ಮನಿಗೆ ಹೊರಟಿದ್ದಾಳೆ. ಮೊದಲ ವಾರ ಹೇಗಿರುತ್ತದೆ?

ಆಗಸ್ಟ್‌ನಲ್ಲಿ ಹೊರಡುತ್ತಾಳೆ, ಸಸ್ಯಾಹಾರಿ, ಜರ್ಮನ್ ಅಷ್ಟಕ್ಕಷ್ಟೇ, ದಿನಾ ವಿಡಿಯೋ ಕಾಲ್ ಮಾಡಬಹುದಾ ಎಂದು ಕೇಳಿದ್ದೀರಿ. ನಾನೂ ಅದೇ ವಯಸ್ಸಿನಲ್ಲಿ ಧಾರವಾಡದಿಂದ ಹ್ಯಾನೋವರ್ ಹತ್ತಿರದ ಒಂದು ಸಣ್ಣ ಊರಿಗೆ ಹೋಗಿ, ಒಂದು ಶಾಲಾವರ್ಷ ಆ ಊರಿನ ಕುಟುಂಬವೊಂದರ ಜೊತೆ ಇದ್ದು ಬಂದೆ. ಮೊದಲ ವಾರದಲ್ಲಿ ಅವಳು ತನ್ನ ಕೋಣೆಯಲ್ಲಿ ಕೂರುವುದಕ್ಕಿಂತ ಜಾಸ್ತಿ ಹೊತ್ತು ತಾನು ಉಳಿದುಕೊಳ್ಳುವ ಕುಟುಂಬದ ಅಡುಗೆಮನೆಯಲ್ಲಿ ಕೂರಬೇಕು. ನಾನು ಹೇಳಬೇಕಾದ್ದರಲ್ಲಿ ಮುಖ್ಯವಾದದ್ದು ಇದೇ.

ಊಟದ ವಿಷಯ ಮೊದಲು. ಎಷ್ಟೋ ಜರ್ಮನ್ ಮನೆಗಳಲ್ಲಿ ಬಿಸಿ ಅಡುಗೆ ದಿನಕ್ಕೆ ಒಂದೇ ಹೊತ್ತು. ರಾತ್ರಿಗೆ ಬ್ರೆಡ್. ನಮ್ಮ ಬೇಕರಿಯ ಮೆತ್ತನೆ ಬ್ರೆಡ್ ಅಲ್ಲ. ಕಂದು ಬಣ್ಣದ್ದು, ಗಟ್ಟಿ, ಸ್ವಲ್ಪ ಹುಳಿ. ನಾನಿದ್ದ ಮನೆಯಲ್ಲಿ ಸಂಜೆ ಆರೂವರೆಗೆ ಪ್ರತಿಯೊಬ್ಬರ ಮುಂದೆ ತಟ್ಟೆಯ ಬದಲು ಒಂದು ಪುಟ್ಟ ಮರದ ಹಲಗೆ ಇಡುತ್ತಿದ್ದರು. ಮೇಜಿನ ನಡುವೆ ಬೆಣ್ಣೆ, ಎರಡು ಮೂರು ಥರದ ಚೀಸ್, ಸೌತೆಕಾಯಿ, ಟೊಮೆಟೊ, ತೆಳ್ಳಗೆ ಕೊಯ್ದ ಮಾಂಸದ ಹೋಳುಗಳು. ಬೇಕಾದ್ದನ್ನು ಅವರವರೇ ಹಚ್ಚಿಕೊಂಡು ತಿನ್ನಬೇಕು, ಬಡಿಸುವವರು ಯಾರೂ ಇಲ್ಲ. ಹೊರಗೆ ಇನ್ನೂ ಬಿಸಿಲು ಇರುವಾಗಲೇ ರಾತ್ರಿ ಊಟ ಮುಗಿದಿರುತ್ತದೆ.

ನಮ್ಮಲ್ಲಿ ಬೇಡ ಅಂದರೂ ಒತ್ತಾಯ ಮಾಡಿ ಇನ್ನೊಂದು ರೊಟ್ಟಿ ಹಾಕುತ್ತಾರೆ, ಅಲ್ವಾ? ಅಲ್ಲಿ ಒಂದೇ ಸಲ ಕೇಳುತ್ತಾರೆ. ಬೇಡ ಅಂದರೆ ಡಬ್ಬಿ ಮುಚ್ಚಿ ಫ್ರಿಜ್‌ನಲ್ಲಿ ಇಟ್ಟುಬಿಡುತ್ತಾರೆ. ಅದು ಅಸಡ್ಡೆ ಅಲ್ಲ, ಅವಳ ಮಾತನ್ನು ಅವರು ನಂಬಿದ್ದಾರೆ ಅಷ್ಟೇ. ಸಂಕೋಚಪಟ್ಟು ಕೂತರೆ ಹಸಿದುಕೊಂಡೇ ಮಲಗಬೇಕಾಗುತ್ತದೆ. ಇದನ್ನು ಹೊರಡುವ ಮೊದಲೇ ಅವಳಿಗೆ ಬಿಡಿಸಿ ಹೇಳಿ.

ಸಸ್ಯಾಹಾರ ಅಲ್ಲಿ ಈಗ ಅಪರೂಪ ಏನಲ್ಲ. ಆದರೆ ಮೊಟ್ಟೆ ತಿನ್ನುತ್ತಾಳಾ, ಮೀನು ತಿನ್ನುತ್ತಾಳಾ ಅನ್ನುವುದನ್ನು ಆ ಮನೆಯವರಿಗೆ ಮೊದಲೇ ಸ್ಪಷ್ಟವಾಗಿ ಬರೆದು ತಿಳಿಸಿ. ಮಕ್ಕಳು ಪ್ರೀತಿಯಿಂದ ಕೊಡುವ ಗಮ್ಮಿ ಮಿಠಾಯಿಯಲ್ಲಿ ಹೆಚ್ಚಾಗಿ ಜೆಲಟಿನ್ ಇರುತ್ತದೆ, ಅದು ಪ್ರಾಣಿಜನ್ಯ. ಪ್ಯಾಕೆಟ್ ಹಿಂದೆ ಓದುವ ಅಭ್ಯಾಸ ಇರಲಿ. ಇನ್ನೊಂದು, ಯುರೋಪಿಯನ್ ಯೂನಿಯನ್ ಹೊರಗಿನಿಂದ ಬರುವವರು ಹಾಲಿನ ಪದಾರ್ಥ, ಮಾಂಸ ಒಯ್ಯುವಂತಿಲ್ಲ. ಧಾರವಾಡ ಪೇಡ, ತುಪ್ಪದ ಆಸೆ ಬಿಡಿ. ಚಟ್ನಿಪುಡಿ ಕೊಡಿ. ಆ ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಚನ್ನಪಟ್ಟಣದ ಗೊಂಬೆಗಿಂತ ಒಳ್ಳೆಯ ಉಡುಗೊರೆ ಇಲ್ಲ.

ಮನೆಯ ರೀತಿನೀತಿ ನೋಡಿ ಕಲಿಯಬೇಕಾದ್ದು. ಬಚ್ಚಲುಮನೆಯ ನೆಲ ಒಣಗಿರಬೇಕು, ನೀರು ಹೋಗಲು ನೆಲದಲ್ಲಿ ತೂತು ಇರುವುದೇ ಕಡಿಮೆ. ಸ್ನಾನ ಆದಮೇಲೆ ಶವರ್‌ನ ಗಾಜಿನ ಮೇಲಿನ ನೀರನ್ನು ರಬ್ಬರ್ ಪಟ್ಟಿಯಿಂದ ಎಳೆದು ಕಿಟಕಿ ತೆರೆಯಬೇಕು. ಕಸದಲ್ಲಿ ಕಾಗದ ಬೇರೆ, ಪ್ಲಾಸ್ಟಿಕ್ ಬೇರೆ, ತರಕಾರಿ ಸಿಪ್ಪೆ ಬೇರೆ. ನೀರಿನ ಖಾಲಿ ಪ್ಲಾಸ್ಟಿಕ್ ಬಾಟಲಿ ಎಸೆಯುವ ಹಾಗಿಲ್ಲ, ಅಂಗಡಿಗೆ ವಾಪಸ್ ಕೊಟ್ಟರೆ 25 ಸೆಂಟ್ ಸಿಗುತ್ತದೆ. ಗೊತ್ತಾಗದಿದ್ದರೆ ಕೇಳಲಿ. ಕೇಳುವ ಹುಡುಗಿಯನ್ನು ಅವರು ಇಷ್ಟಪಡುತ್ತಾರೆ.

ಭಾಷೆಗೆ ಹೆದರಬೇಡಿ. ಮನೆಯವರು ಸಹಾಯ ಮಾಡಲು ಹೋಗಿ ಇಂಗ್ಲಿಷ್‌ಗೆ ಹೊರಳುತ್ತಾರೆ. ನಿಧಾನವಾಗಿ ಜರ್ಮನ್‌ನಲ್ಲೇ ಮಾತಾಡಿ ಎಂದು ಅವಳೇ ಮೊದಲ ವಾರದಲ್ಲಿ ಕೇಳಿಕೊಳ್ಳಲಿ, ಆಮೇಲೆ ಆ ರೂಢಿ ಬದಲಾಯಿಸುವುದು ತುಂಬಾ ಕಷ್ಟ. ಸಂಜೆಯ ಹೊತ್ತಿಗೆ ತಲೆ ಭಾರ ಆಗುತ್ತದೆ, ಎಂಟಕ್ಕೇ ನಿದ್ದೆ ಬರುತ್ತದೆ. ದಿನವಿಡೀ ಅರ್ಧಂಬರ್ಧ ತಿಳಿಯುವ ಭಾಷೆ ಕೇಳಿದ ಸುಸ್ತು ಅದು, ಕಾಯಿಲೆ ಅಲ್ಲ. ಶಾಲೆಯಲ್ಲಿ 1 ಅಂದರೆ ಅತ್ಯುತ್ತಮ, 6 ಅಂದರೆ ಅತಿ ಕಡಿಮೆ. ಕ್ಲಾಸಿನಲ್ಲಿ ಬಾಯಿ ಬಿಟ್ಟು ಮಾತಾಡಿದ್ದಕ್ಕೂ ಅಂಕ ಇದೆ. ಯಾವ ತರಗತಿ ಎಂದು ಆಯ್ಕೆ ಕೊಟ್ಟರೆ, ಇಡೀ ದಿನ ಒಟ್ಟಿಗೇ ಇರುವ ತರಗತಿಯನ್ನು ಕೇಳಿ. ಮೇಲಿನ ತರಗತಿಗಳಲ್ಲಿ ವಿಷಯಕ್ಕೊಂದು ಗುಂಪು ಆಗಿ ಎಲ್ಲರೂ ಚದುರುತ್ತಾರೆ, ಗೆಳತಿಯರು ಸಿಗುವುದು ತಡ.

ಈಗ ವಿಡಿಯೋ ಕಾಲ್. ದಯವಿಟ್ಟು ದಿನಾ ಬೇಡ. ಅಲ್ಲಿನ ಬೇಸಿಗೆಯಲ್ಲಿ ಅವರು ನಮಗಿಂತ ಮೂರೂವರೆ ಗಂಟೆ ಹಿಂದೆ. ನೀವು ಕೆಲಸ ಮುಗಿಸಿ, ಊಟ ಮಾಡಿ ಒಂಬತ್ತೂವರೆಗೆ ಫೋನ್ ಹಿಡಿದರೆ ಅಲ್ಲಿ ಸಂಜೆ ಆರು. ಆ ಮನೆಯವರು ಮೇಜು ಸಜ್ಜು ಮಾಡಿ ಒಟ್ಟಿಗೆ ಕೂರುವ ಹೊತ್ತು ಅದು. ಆಗ ಅವಳು ಬಾಗಿಲು ಹಾಕಿಕೊಂಡು ಕನ್ನಡದಲ್ಲಿ ಅಳುತ್ತಾ ಕೂತರೆ ನಿಮಗೂ ಸಂಕಟ, ಅವಳಿಗೂ ಆ ಮನೆ ಹತ್ತಿರ ಆಗುವುದಿಲ್ಲ. ತಲುಪಿದ ದಿನ ಮಾತಾಡಿ. ಆಮೇಲೆ ದಿನಕ್ಕೊಂದು ಮೆಸೇಜ್, ಒಂದು ಫೋಟೋ ಸಾಕು. ಭಾನುವಾರ ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ, ಬೆಳಿಗ್ಗೆ ಊರೇ ಸುಮ್ನಿರುತ್ತದೆ. ನಮ್ಮ ಮಧ್ಯಾಹ್ನ ಒಂದೂವರೆಗೆ, ಅವರ ಬೆಳಿಗ್ಗೆ ಹತ್ತಕ್ಕೆ, ಸಾವಕಾಶವಾಗಿ ಮಾತಾಡಿ. ಅಜ್ಜಿ ಇದ್ದರೆ ಅವರನ್ನೂ ಕೂರಿಸಿ.

ಅಳು ಬಂದೇ ಬರುತ್ತದೆ. ಅದಕ್ಕೆ ನೀವು ಗಾಬರಿಯಾಗಿ ಆ ಮನೆಯವರಿಗೆ ಫೋನ್ ಮಾಡಬೇಡಿ. ನಿಜವಾಗಿ ಏನಾದರೂ ಸರಿ ಇಲ್ಲ, ಭಯ ಆಗುತ್ತಿದೆ, ಊಟವೇ ಸಿಗುತ್ತಿಲ್ಲ ಅಂದರೆ ಮಾತ್ರ ತಡಮಾಡದೆ ಕಾರ್ಯಕ್ರಮ ನಡೆಸುವ ಸಂಸ್ಥೆಯ ಸ್ಥಳೀಯ ಸ್ವಯಂಸೇವಕರಿಗೆ ಅವಳೇ ಹೇಳಲಿ. ಮನೆ ಬದಲಾಯಿಸುವ ವ್ಯವಸ್ಥೆ ಇರುತ್ತದೆ, ಕೇಳುವುದರಲ್ಲಿ ನಾಚಿಕೆ ಇಲ್ಲ. ಆ ನಂಬರ್ ಫೋನ್‌ನಲ್ಲಿ ಮಾತ್ರ ಅಲ್ಲ, ಒಂದು ಚೀಟಿಯಲ್ಲೂ ಬರೆದು ಪಾಸ್‌ಪೋರ್ಟ್ ಜೊತೆ ಇಟ್ಟು ಕಳಿಸಿ.